ಬೋಗಿಗೆ ಮಿತಿಯುಂಟು, ಟಿಕೆಟಿಗಿಲ್ಲ

ಪ್ರತಿ ಬೋಗಿಯಲ್ಲಿ ಹೆಚ್ಚೆಂದರೆ ಎಷ್ಟು ಜನ ಪ್ರಯಾಣಿಸಬಹುದೆಂದು ರೈಲ್ವೆ ಮೊದಲೇ ಗೊತ್ತುಮಾಡಬೇಕು, ಆ ಸಂಖ್ಯೆಯನ್ನು ಎದ್ದು ಕಾಣುವಂತೆ ಬರೆಸಬೇಕು. 1989ರ ರೈಲ್ವೆ ಕಾಯ್ದೆಯ 57ನೇ ಕಲಂ ಹೇಳುವುದು ಇಷ್ಟೇ. ಆದರೆ ಜನರಲ್ ಟಿಕೆಟ್ ಕೌಂಟರಿಗೂ ಈ ಸಂಖ್ಯೆಗೂ ಸಂಬಂಧವೇ ಇಲ್ಲ. ಕೇಳಿದವರಿಗೆಲ್ಲ ಟಿಕೆಟ್, ಹತ್ತಲು ಆಗದಿದ್ದರೆ ಅವರವರ ಹಣೆಬರಹ. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ, ಕುಂಭಮೇಳಕ್ಕೆ ಹೊರಟವರ ನೂಕುನುಗ್ಗಲಿನಲ್ಲಿ, 18 ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಬೋಗಿ ಹಿಡಿಸುವುದಕ್ಕಿಂತ ಹೆಚ್ಚು ಟಿಕೆಟ್ ಮಾರುವುದೇಕೆ ಎಂದು ಆಮೇಲೆ ದೆಹಲಿ ಹೈಕೋರ್ಟೇ ಕೇಳಬೇಕಾಯಿತು.

ಹಾಗಾದರೆ ಟಿಕೆಟ್ ಮಾರಾಟವನ್ನೇ ಮಿತಿಗೊಳಿಸಿ ಎನ್ನುವವರಿದ್ದಾರೆ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಬಂಗಾಳ, ಅಸ್ಸಾಂ ಗಾಡಿಗಳಿಗೆ ಕಾದು ಕೂತ ಕಟ್ಟಡ ಕಾರ್ಮಿಕರನ್ನು ಒಮ್ಮೆ ನೋಡಿ ಬಂದು ಅವರು ಈ ಮಾತಾಡಲಿ. ಕೌಂಟರ್ ಮುಚ್ಚಿದರೆ ಆ ಜನ ವಿಮಾನ ಹತ್ತುತ್ತಾರೆಯೇ? ಬೋಗಿ ಹೆಚ್ಚಿಸದೆ ಟಿಕೆಟ್ ಕಡಿಮೆ ಮಾಡಿದರೆ ಕಾನೂನು ಪಾಲಿಸಿದಂತೇನೋ ಆಗುತ್ತದೆ, ಬಡವನನ್ನು ಪ್ಲಾಟ್‌ಫಾರಂನಿಂದ ಆಚೆ ನೂಕಿದಂತೆಯೂ ಆಗುತ್ತದೆ. ನಮ್ಮಲ್ಲೇ ದೀಪಾವಳಿ ಬಂದರೆ ಹುಬ್ಬಳ್ಳಿ, ಮಂಗಳೂರಿನ ಖಾಸಗಿ ಬಸ್ಸುಗಳು ದರ ಏರಿಸುತ್ತವೆ, ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತದೆ, ಮುಂದಿನ ವರ್ಷವೂ ಅದೇ ಕಥೆ. ರೈಲು ಸಿಗದವರು ಬಂದು ನಿಲ್ಲುವುದು ಅಲ್ಲಿಯೇ.

ರೈಲ್ವೆಯ ಉತ್ತರ ಸಿದ್ಧವಿದೆ: ಟಿಕೆಟಿನಿಂದ ವೆಚ್ಚವೆಲ್ಲ ವಸೂಲಾಗುವುದಿಲ್ಲ. ಶೇ 57ರಷ್ಟೇ ವಸೂಲಾಗುತ್ತದೆ ಎಂದು ಟಿಕೆಟ್ ಮೇಲೆಯೇ ಅಚ್ಚು ಹಾಕಿ ಓದಿಸಿದ್ದರು. ಭಿಕ್ಷೆ ಹಾಕಿ ಲೆಕ್ಕ ಒಪ್ಪಿಸಿದ ಹಾಗೆ! ಸರಕು ಸಾಗಣೆಯ ಆದಾಯವೇ ಪ್ರಯಾಣಿಕರ ನಷ್ಟ ತುಂಬುತ್ತಿರುವುದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಆ ನಷ್ಟವನ್ನು ಯಾರಿಂದ ವಸೂಲು ಮಾಡಹೊರಟರು? ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳಿಗೆ ‘ಎಕ್ಸ್‌ಪ್ರೆಸ್ ಸ್ಪೆಷಲ್’ ಎಂದು ಹೆಸರಿಟ್ಟು ಕನಿಷ್ಠ ದರವನ್ನು 10 ರೂಪಾಯಿಯಿಂದ 30ಕ್ಕೆ ಒಯ್ದರು. ನಿಲ್ಲುವ ಸ್ಟೇಷನ್ನುಗಳು ಅವೇ, ತೆವಳುವ ವೇಗವೂ ಅದೇ. ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ. ಹಿರಿಯ ನಾಗರಿಕರ ರಿಯಾಯಿತಿಯನ್ನೂ 2020ರ ಮಾರ್ಚ್‌ನಲ್ಲೇ ನಿಲ್ಲಿಸಿದ್ದರು.

ಹಾಗೆಂದು ವಂದೇ ಭಾರತ್‌ನಂಥ ವೇಗದ ಎಸಿ ಗಾಡಿ ಬೇಡವೆನ್ನುವ ಹಟ ನನಗಿಲ್ಲ. ಧಾರವಾಡದಿಂದ ಬೆಂಗಳೂರಿಗೆ ಬೇಗ ತಲುಪುವಂತಾದದ್ದು ಒಳ್ಳೆಯದೇ. ಅದಕ್ಕೆ ದಾರಿ ಬಿಟ್ಟು ಲೂಪ್ ಲೈನಿನಲ್ಲಿ ನಿಲ್ಲುವ ಗಾಡಿಯಲ್ಲೂ ಮನುಷ್ಯರೇ ಇದ್ದಾರೆ ಎಂಬುದಷ್ಟೇ ನನ್ನ ತಕರಾರು. ಎಸಿ ಇಲ್ಲದೆಯೂ ಹೊಸ ಗಾಡಿ ಕಟ್ಟಬಹುದೆಂದು ರೈಲ್ವೆಯೇ ತೋರಿಸಿಕೊಟ್ಟಿದೆ. 2023ರ ಡಿಸೆಂಬರ್ 30ರಂದು ಹೊರಟ ಮೊದಲ ಎರಡು ಅಮೃತ್ ಭಾರತ್‌ಗಳಲ್ಲಿ ಒಂದು ಮಾಲ್ಡಾ–ಬೆಂಗಳೂರು ಗಾಡಿ: ಸ್ಲೀಪರ್ ಹನ್ನೆರಡು, ಜನರಲ್ ಎಂಟು. ಆದರೆ ಅದು ಓಡುವುದು ವಾರಕ್ಕೊಮ್ಮೆ.

ಅದನ್ನು ದಿನವೂ ಓಡಿಸಿ ಎಂದು ನಮ್ಮ ಸಂಸದರು ಪಟ್ಟು ಹಿಡಿಯಬೇಕು. ವಂದೇ ಭಾರತ್ ತಮ್ಮೂರಲ್ಲೂ ನಿಲ್ಲಲಿ ಎಂದು ಮನವಿ ಹಿಡಿದು ಓಡುವವರು, ತಮ್ಮೂರಲ್ಲಿ ಈಗಾಗಲೇ ನಿಲ್ಲುವ ಗಾಡಿಗೆ ಜನರಲ್ ಬೋಗಿ ಎಷ್ಟಿವೆ ಎಂಬುದನ್ನೂ ಅದೇ ಮನವಿಯಲ್ಲಿ ಬರೆಯಲಿ.