ಅಬ್ಬಕ್ಕನ ಸೀಮೆಯವರಿಗೆ ಮಾಲ್ದೀವ್ಸ್ ಯಾಕೆ ಅರ್ಥವಾಗುವುದಿಲ್ಲ?

2024ರ ಜನವರಿಯಲ್ಲಿ ವಾಮದಪದವಿನ ನಮ್ಮ ವಾಟ್ಸ್ಯಾಪ್ ಗುಂಪಿಗೆ ‘ಮಾಲ್ದೀವ್ಸ್ ಬಹಿಷ್ಕರಿಸಿ’ ಎಂಬ ಚಿತ್ರವೊಂದು ಬಂತು. ಕಳಿಸಿದವರು ಪರಿಚಿತರೇ, ಅಬ್ಬಕ್ಕ ಉತ್ಸವದ ಕರೆಯೋಲೆಯನ್ನೂ ಪ್ರತಿಸಲ ಅವರೇ ಕಳಿಸುವುದು. “ಅಂಗೈಯಗಲದ ದೇಶಕ್ಕೆ ಎಂತ ಸೊಕ್ಕು ಮಾರಾಯ್ರೆ!” ಎಂದು ಇನ್ನೊಬ್ಬರು ಬರೆದರು. ನಗುವ ಮುಖಗಳು ಸಾಲುಗಟ್ಟಿದವು. ನಾನು ಆವತ್ತು ಸುಮ್ಮನಿದ್ದೆ. ಇದು ಅಂದು ಬಾಕಿ ಉಳಿಸಿಕೊಂಡ ಉತ್ತರ.

ಅಬ್ಬಕ್ಕ ಚೌಟರ ಮನೆತನದವಳು. ಆ ಮನೆತನದ ಅರಮನೆ ನಮಗೆ ಹತ್ತಿರದ ಮೂಡಬಿದಿರೆಯಲ್ಲಿ ಈಗಲೂ ಇದೆ. ಪೋರ್ಚುಗೀಸರ ಕಣ್ಣಿಗೆ ಅವಳ ಉಳ್ಳಾಲವೂ ಅಂಗೈಯಗಲದ್ದೇ. ಅವರ ‘ಕಾರ್ತಾಜ್’ ಎಂಬ ಪರವಾನಗಿ ಇಲ್ಲದೆ ಹಡಗು ಸಮುದ್ರಕ್ಕಿಳಿದರೆ ಸರಕು ಸಮೇತ ಜಪ್ತಿ. ಇತ್ತ ಗೋವೆಯ ಹೊಟ್ಟೆ ತುಂಬುತ್ತಿದ್ದುದು ಈ ಕರಾವಳಿಯ ಅಕ್ಕಿಯಿಂದ. ಅನ್ನ ಕೊಡುವವರಿಗೇ ಅಪ್ಪಣೆ ಚೀಟಿ! ಕಪ್ಪ ಬಂದುದನ್ನು ಅವರು ಸ್ನೇಹವೆಂದು ತಿಳಿದರು, ನಿಂತಾಗ ದ್ರೋಹವೆಂದರು.

1623ರಲ್ಲಿ ಗೋವೆಯ ರಾಯಭಾರಿ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೋಗಬೇಕಾಯಿತು. ಆ ಪಯಣದಲ್ಲಿದ್ದ ಇಟಲಿಯ ಪಿಯೆತ್ರೊ ಡೆಲ್ಲಾ ವಲ್ಲೆ ಮುಂದೆ ಮಣೇಲಿನಲ್ಲಿ ಉಳ್ಳಾಲದ ರಾಣಿಯನ್ನೂ ಕಂಡ. ಅವಳು ಬರಿಗಾಲಲ್ಲಿ ಕಾಲುವೆ ಕೆಲಸ ನೋಡಲು ಹೊರಟಿದ್ದಳು. ಬಂಗರಸನಿಗೆ ಪೋರ್ಚುಗೀಸರ ಬೆಂಬಲವಿತ್ತು. ಅವಳು ಕೆಳದಿಯ ನೆರವು ಪಡೆದಳು. ಮುಂದೆ 1650ರ ದಶಕದಲ್ಲಿ ಶಿವಪ್ಪ ನಾಯಕ ಮಂಗಳೂರು, ಹೊನ್ನಾವರದ ಕೋಟೆಗಳನ್ನು ಅವರಿಂದ ಕಿತ್ತುಕೊಂಡ. ಸಣ್ಣವರು ಇನ್ನೊಬ್ಬ ದೊಡ್ಡವನ ಆಸರೆ ಹಿಡಿದದ್ದನ್ನು ನಾವು ಜಾಣತನವೆಂದು ಹೊಗಳುತ್ತೇವೆ. ಅದನ್ನೇ ಕಾಠ್ಮಂಡು ಮಾಡಿದರೆ?

2015ರ ಏಪ್ರಿಲ್‌ನಲ್ಲಿ ಭೂಕಂಪಕ್ಕೆ ಸಿಕ್ಕಿ ಸುಮಾರು 9,000 ಜನರನ್ನು ಕಳೆದುಕೊಂಡಿದ್ದ ನೇಪಾಳ, ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಅಂಗೀಕರಿಸಿತು. ಅದರ ಬೆನ್ನಿಗೇ ಗಡಿಯಲ್ಲಿ ಲಾರಿಗಳು ನಿಂತವು. ಇದು ಮಧೇಶಿಗಳ ಪ್ರತಿಭಟನೆಯ ಪರಿಣಾಮ, ನಮ್ಮ ದಿಗ್ಬಂಧನವಲ್ಲ ಎಂದು ದೆಹಲಿ ಹೇಳಿತು. ಮಧೇಶಿಗಳ ಅಸಮಾಧಾನ ನಿಜವೇ. ಆದರೆ ಪೆಟ್ರೋಲು, ಗ್ಯಾಸಿಲ್ಲದೆ ತಿಂಗಳುಗಟ್ಟಲೆ ಕಳೆದ ನೇಪಾಳಿಗರಲ್ಲಿ ಹೆಚ್ಚಿನವರು ದೆಹಲಿಯ ಮಾತು ನಂಬಲಿಲ್ಲ. 2016ರ ಮಾರ್ಚ್‌ನಲ್ಲಿ ಅವರ ಪ್ರಧಾನಿ ಬೀಜಿಂಗ್‌ಗೆ ಹೋಗಿ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶಕ್ಕೆ ತೀಸ್ತಾ ನೀರಿನ ಒಪ್ಪಂದದ ಆಸೆ ತೋರಿಸಿದ್ದೆವು. 2011ರಿಂದ ಅದು ಹಾಗೆಯೇ ನಿಂತಿದೆ. ಒಬ್ಬ ನಾಯಕಿಯ ಸ್ನೇಹವನ್ನೇ ಇಡೀ ದೇಶದ ಸ್ನೇಹವೆಂದುಕೊಂಡೆವು. 2024ರ ಆಗಸ್ಟ್ 5ರಂದು ಆಕೆ ದೇಶ ಬಿಟ್ಟು ಭಾರತಕ್ಕೆ ಬಂದಾಗ ಢಾಕಾದಲ್ಲಿ ನಮ್ಮ ಮಾತಿನ ತೂಕವೂ ಇಳಿಯಿತು. ಸಾರ್ಕ್ ಶೃಂಗಸಭೆಯಂತೂ 2014ರ ನಂತರ ನಡೆದೇ ಇಲ್ಲ.

“ಎಲ್ಲ ಚೀನಾದ ಕಿತಾಪತಿ” ಎನ್ನುವುದು ಸುಲಭ. ಚೀನಾ ದಾನಶೂರ ಕರ್ಣನೇನಲ್ಲ. ಹಂಬನ್ತೋಟ ಬಂದರನ್ನು 99 ವರ್ಷ ಗುತ್ತಿಗೆಗೆ ಕೊಟ್ಟ ಶ್ರೀಲಂಕಾಕ್ಕೆ ಅದು ಚೆನ್ನಾಗಿ ಗೊತ್ತು. ಆದರೆ 2022ರಲ್ಲಿ ಅದೇ ಶ್ರೀಲಂಕಾ ದಿವಾಳಿಯೆದ್ದಾಗ ಭಾರತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು, ನಮ್ಮ ಬಗ್ಗೆ ಅಲ್ಲಿನ ಮಾತೂ ಮೆತ್ತಗಾಯಿತು. ಮಾಲ್ದೀವ್ಸ್‌ನಲ್ಲೂ ಅಷ್ಟೇ. ‘ಇಂಡಿಯಾ ಔಟ್’ ಎಂದು ಗೆದ್ದ ಮುಯಿಝು ನಮ್ಮ ಸೈನಿಕರನ್ನು ವಾಪಸು ಕಳಿಸಿದರು. ಅವರ ಕಿರಿಯ ಮಂತ್ರಿಗಳು ಕೀಳಾಗಿ ಮಾತಾಡಿದ್ದೂ ಹೌದು. ಭಾರತ ಸರ್ಕಾರ ಸೈನಿಕರ ಜಾಗಕ್ಕೆ ತಂತ್ರಜ್ಞರನ್ನು ಕಳಿಸಿ, ಸಾಲದ ಕಂತು ಮುಂದೂಡಿ ತಾಳ್ಮೆಯಿಂದಿತ್ತು. 2024ರ ಅಕ್ಟೋಬರ್‌ನಲ್ಲಿ ಅದೇ ಮುಯಿಝು ದೆಹಲಿಗೆ ಬಂದರು. ಪ್ರವಾಸಿಗರನ್ನು ತಡೆದು ಅವರ ಹೊಟ್ಟೆಗೆ ಹೊಡೆಯುವ ಮಾತಾಡಿದ ನಮ್ಮ ವಾಟ್ಸ್ಯಾಪ್ ಶೂರರು ಇದರಲ್ಲಿ ತಮ್ಮ ಪಾಲು ಕೇಳಬಾರದು. ಸಂಬಂಧ ಉಳಿದದ್ದು ತಾಳ್ಮೆಯಿಂದ.

ಸಾಹಿತ್ಯದವರು ನಾವೂ ಸಾಚಾಗಳಲ್ಲ. ಕೊಲಂಬಿಯಾದ ಮಾರ್ಕ್ವೆಜ್ ನಮಗೆ ಮನೆಯವನಂತೆ. ಒಬ್ಬ ನೇಪಾಳಿ ಕಾದಂಬರಿಕಾರನ, ಒಬ್ಬ ಸಿಂಹಳ ಕವಿಯ ಹೆಸರು ಹೇಳಿ ಎಂದರೆ? ಪಿಎಚ್‌ಡಿ ಮಾಡುತ್ತಿರುವ ನಾನೇ ತಡವರಿಸುತ್ತೇನೆ. ಮಾಲ್ದೀವ್ಸ್ ತನ್ನ ರಾಷ್ಟ್ರೀಯ ದಿನವನ್ನು ಆಚರಿಸುವುದು ಮುಹಮ್ಮದ್ ತಕುರುಫಾನು 1573ರಲ್ಲಿ ಪೋರ್ಚುಗೀಸರನ್ನು ಓಡಿಸಿದ ನೆನಪಿಗೆ ಎಂಬುದು ನನಗೆ ತಿಳಿದದ್ದು ಇತ್ತೀಚೆಗೆ. ನಮ್ಮ ಕರಾವಳಿಗೂ ಆ ದ್ವೀಪಗಳಿಗೂ ಒಂದೇ ಕಾಲ, ಒಂದೇ ಕಡಲು, ಒಬ್ಬನೇ ಶತ್ರು. ಅವರಿಗೊಬ್ಬ ತಕುರುಫಾನು, ನಮಗೊಬ್ಬಳು ಅಬ್ಬಕ್ಕ.

2012ರಲ್ಲಿ ನಮ್ಮ ಕರಾವಳಿ ಕಾವಲು ಪಡೆ ಒಂದು ಹಡಗಿಗೆ ‘ರಾಣಿ ಅಬ್ಬಕ್ಕ’ ಎಂದು ಹೆಸರಿಟ್ಟಿತು. ಹೆಮ್ಮೆಯೇ. ಆದರೆ ಈಗ ದೊಡ್ಡ ಹಡಗುಗಳಿರುವುದು ನಮ್ಮ ಕಡೆ. ಆ ಗುಂಪಿನ ಹಿರಿಯರಲ್ಲಿ ನಾನು ಕೇಳುವುದು ಒಂದೇ: ಮುಂದಿನ ಅಬ್ಬಕ್ಕ ಉತ್ಸವದ ಕರೆಯೋಲೆ ಕಳಿಸುವ ಮೊದಲು, ಅವಳು ಈಗ ಇದ್ದಿದ್ದರೆ ಯಾರ ಪರ ನಿಲ್ಲುತ್ತಿದ್ದಳು ಎಂದು ಒಮ್ಮೆ ಯೋಚಿಸಿ.