ಲೈಸೆನ್ಸ್ ಐತಿ, ಮನುಷ್ಯ ಹೆಂಗ?

ರಾತ್ರಿ ಬಸ್ಸಿಗೆ ಬೆಂಗಳೂರಿನಿಂದ ಬರೋ ಮಗಳನ್ನ ನಸುಕಿನಾಗ ಕರ್ಕೊಂಡು ಬರಾಕ ನಮ್ಮ ಬನಹಟ್ಟಿಯಲ್ಲಿ ಗುರುತಿನ ಡ್ರೈವರ್‌ಗೇ ಫೋನ್ ಮಾಡ್ತೀವಿ. ‘ಅವ ನಮ್ಮ ಓಣಿಯವ’ ಅನ್ನೋದೇ ಇಲ್ಲಿ ವೆರಿಫಿಕೇಶನ್. ಅದೇ ಮಗಳು ಬೆಂಗಳೂರಿನಲ್ಲಿ ಹತ್ತೋ ಕ್ಯಾಬಿನ ಚಾಲಕನನ್ನು ಬಲ್ಲವರು ಯಾರು?

ಲೈಸೆನ್ಸ್ ಇದಕ್ಕೆ ಉತ್ತರ ಕೊಡಲ್ಲ. ಸಾರಿಗೆ ವಾಹನದ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2019ರ ತಿದ್ದುಪಡಿಗೆ ಮುಂಚೆ 3 ವರ್ಷವಿತ್ತು. ಆಗ ಮುಖ್ಯವಾಗಿ ಬೇಕಾಗೋದು ವೈದ್ಯರ ಪ್ರಮಾಣಪತ್ರ. ಕಣ್ಣು, ಕಿವಿ, ಕೈಕಾಲು ನೆಟ್ಟಗಿದ್ದರೆ ಸಾಕು. ಮೈಮೇಲೆ ಕೇಸು ಇದೆಯೇ ಅನ್ನೋದಕ್ಕೆ ಪೊಲೀಸರ ಕಾಗದ ಬೇರೆ. ಆ್ಯಪ್ ಟ್ಯಾಕ್ಸಿಗಳಿಗೆ ಕರ್ನಾಟಕದ 2016ರ ನಿಯಮಗಳು ಅದನ್ನು ಕೇಳುತ್ತವೆ.

ಆದರೆ ಕಾಗದವೊಂದೇ ಕಾಯೋದಿಲ್ಲ. 2014ರ ದೆಹಲಿ ಕ್ಯಾಬ್ ಅತ್ಯಾಚಾರ ಪ್ರಕರಣದಲ್ಲಿ ಚಾಲಕನ ನಡತೆ ಪ್ರಮಾಣಪತ್ರವೇ ನಕಲಿಯಾಗಿತ್ತು. 2005ರಲ್ಲಿ ಬೆಂಗಳೂರಿನ ಕಾಲ್‌ಸೆಂಟರ್ ಉದ್ಯೋಗಿ ಪ್ರತಿಭಾ ಅವರನ್ನು ಕೊಂದವನು, ಅಂದು ಬರಬೇಕಿದ್ದ ಚಾಲಕನೇ ಅಲ್ಲ.

ನಾನು ಸಾಫ್ಟ್‌ವೇರ್ ಕೆಲಸದವ. ಒಮ್ಮೆ ಲಾಗಿನ್ ಆದವರನ್ನು ಐದು ವರ್ಷ ಕಣ್ಣುಮುಚ್ಚಿ ನಂಬೋ ವ್ಯವಸ್ಥೆ ನಾವ್ಯಾರೂ ಕಟ್ಟಲ್ಲ. ನವೀಕರಣದ ಹೊತ್ತಿಗೆ ಪೊಲೀಸ್ ವರದಿ ಚಾಲಕನ ಕೈಯಿಂದಲ್ಲ, ಠಾಣೆಯಿಂದ ನೇರವಾಗಿ ಆರ್‌ಟಿಒಗೆ ಬರಲಿ. ಹಾಗಂತ ಹೊಲದ ಬದುವಿನ ಜಗಳದ ಕೇಸಿಗೆಲ್ಲ ಬಡ ಡ್ರೈವರಣ್ಣನ ಅನ್ನ ಕಿತ್ಕೋಬಾರದು. ಯಾವ ಅಪರಾಧಕ್ಕೆ ಲೈಸೆನ್ಸ್ ಇಲ್ಲ ಅನ್ನೋದು ಸ್ಪಷ್ಟ ಇರಬೇಕು.

ಅಲ್ಲೀತನಕ ಅಕ್ಕ-ತಂಗಿಯರೇ, ಗಾಡಿ ನಂಬರು, ಚಾಲಕನ ಮುಖ ಎರಡನ್ನೂ ಫೋನಿನ ಜೊತೆ ತಾಳೆ ಹಾಕಿ. ಹೊಂದದಿದ್ದರೆ ಹತ್ತಲೇಬೇಡಿ. ತೊಂದರೆಯಾದರೆ 112.