ಸೂಚ್ಯಂಕ ಏರಿತು, ಕೂಲಿ ಏರಿತೆ?

ದಿನ ಬೆಳಗಾದರೆ ಸೆನ್ಸೆಕ್ಸ್ ಇಷ್ಟು ಏರಿತು, ಇಷ್ಟು ಇಳಿಯಿತು ಎಂಬ ವಾರ್ತೆ. ಏರಿದರೆ ದೇಶವೇ ಏಳಿಗೆ ಹೊಂದಿತೆಂದು ಹಿಗ್ಗುವವರುಂಟು. ಇಳಿದರೆ ದೇಶವೇ ಮುಳುಗಿತೆಂದು ಗೋಳಿಡುವವರೂ ಉಂಟು. ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನೂ, ಅಂಗಡಿಯ ಬಾಗಿಲು ಹಾಕಿ ಲೆಕ್ಕ ಬರೆಯುವ ವ್ಯಾಪಾರಿಯೂ ಇದು ಶ್ರೀಮಂತರ ಆಟ, ತಮಗೇನು ಸಂಬಂಧವೆಂದು ಸುಮ್ಮನಾಗುತ್ತಾರೆ. ಸಂಬಂಧವಿದೆ. ಅದು ಎಂತಹುದೆಂದು ತಿಳಿಯಬೇಕಾಗಿದೆ.

ಷೇರೆಂದರೆ ಕಂಪನಿಯ ಒಡೆತನದಲ್ಲಿ ಒಂದು ಪಾಲು. ಕಂಪನಿಯು ಸೆಬಿ ಎಂಬ ನಿಯಂತ್ರಣ ಮಂಡಳಿಯ ನಿಯಮಗಳಿಗೊಳಪಟ್ಟು, ತನ್ನ ಲೆಕ್ಕಪತ್ರಗಳನ್ನು ಬಹಿರಂಗಪಡಿಸಿ, ಪಾಲುಗಳನ್ನು ಸಾರ್ವಜನಿಕರಿಗೆ ಮಾರುತ್ತದೆ. ಆಗ ಅದರ ಹೆಸರು ಷೇರುಪೇಟೆಯ ಪಟ್ಟಿಗೆ ಸೇರುತ್ತದೆ. ಹೊಸ ಪಾಲುಗಳನ್ನು ಮಾರಿದ ಹಣ ಕಂಪನಿಗೆ ಸಲ್ಲುತ್ತದೆ; ಅದರಿಂದ ಯಂತ್ರ ಬರಬಹುದು, ಕೆಲಸ ಹುಟ್ಟಬಹುದು. ಹಳೆಯ ಒಡೆಯರು ತಮ್ಮ ಪಾಲನ್ನು ಮಾರಿದರೆ ಹಣ ಅವರ ಜೇಬಿಗೆ. ಆಮೇಲೆ ದಿನವೂ ಪೇಟೆಯಲ್ಲಿ ನಡೆಯುವುದು ಕೊಂಡವರ ನಡುವಿನ ಕೈಬದಲು ಮಾತ್ರ. ದನದ ಜಾತ್ರೆಯಲ್ಲಿ ಎತ್ತು ಹತ್ತು ಕೈ ದಾಟಿದರೂ ಕರುವನ್ನು ಸಾಕಿದವನಿಗೆ ಮೊದಲ ಬೆಲೆಯೇ ಹೊರತು ಇನ್ನೊಂದು ಕಾಸು ಬಾರದು.

ಇನ್ನು ಸೂಚ್ಯಂಕ. ಮುಂಬಯಿ ಷೇರುಪೇಟೆ 1875ರಲ್ಲಿ ದಲ್ಲಾಳಿಗಳ ಸಂಘವಾಗಿ ಹುಟ್ಟಿತು. ಅದರ ಸೆನ್ಸೆಕ್ಸ್ 1986ರಲ್ಲಿ ಪ್ರಾರಂಭವಾಯಿತು. 30 ದೊಡ್ಡ ಕಂಪನಿಗಳ ಪೈಕಿ ಪ್ರತಿಯೊಂದರಲ್ಲೂ ಪೇಟೆಯಲ್ಲಿ ಮುಕ್ತವಾಗಿ ಕೈಬದಲಾಗುವ ಷೇರುಗಳೆಷ್ಟೋ ಅವನ್ನು ಬೆಲೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿ, 1978-79ರ ಮಟ್ಟವನ್ನು 100 ಎಂದು ಹಿಡಿದು ಹೋಲಿಸುತ್ತಾರೆ. 2024ರ ಜುಲೈಯಲ್ಲಿ ಅದು 80,000 ದಾಟಿತು. ಎಂದರೆ 800 ಪಟ್ಟು! ಯಾವ ಗಿರಣಿಯ ಕೂಲಿ 800 ಪಟ್ಟಾಯಿತು?

ಈ 30ರ ಪಟ್ಟಿಯೂ ಸ್ಥಿರವಲ್ಲ. ಮೊದಲ ಪಟ್ಟಿಯಲ್ಲಿ ಬಾಂಬೆ ಡೈಯಿಂಗ್‌ನಂತಹ ಬಟ್ಟೆ ಗಿರಣಿ ಇತ್ತು. ಅದನ್ನು ಎಂದೋ ತೆಗೆದರು. ಗಿರಣಿ ಹೋದರೂ ಅಂಕಿ ನಿಲ್ಲಲಿಲ್ಲ. ಶಾಲೆಯ ಮೊದಲ ಸಾಲಿನ 30 ಹುಡುಗರ ಅಂಕಗಳನ್ನು ಕೂಡಿ, ಹಿಂದೆ ಬಿದ್ದವನನ್ನು ಎಬ್ಬಿಸಿ ಜಾಣನನ್ನು ಕೂರಿಸಿ, ಇಡೀ ಶಾಲೆ ತೇರ್ಗಡೆಯಾಯಿತೆಂದು ಸಾರಿದಂತಾಯಿತು.

2020ನ್ನು ನೆನೆಯಿರಿ. ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿದು 26,000ದ ಕೆಳಗಿಳಿಯಿತು. ಮುಂದಿನ ಮೂರು ತಿಂಗಳಲ್ಲಿ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕುಗ್ಗಿತು. ಕೆಲಸ ಕಳೆದುಕೊಂಡವರು ಗಂಟುಮೂಟೆ ಹೊತ್ತು ಊರಿಗೆ ನಡೆದರು. ಹೀಗಿದ್ದೂ 2021ರ ಜನವರಿ 21ರಂದು ಸೆನ್ಸೆಕ್ಸ್ 50,000 ಮುಟ್ಟಿತು! ಮುಂದೆ ಬರುವ ಲಾಭದ ನಿರೀಕ್ಷೆಗೆ ಪೇಟೆ ಬೆಲೆ ಕಟ್ಟುತ್ತದೆ. ಇಂದಿನ ಹಸಿವಿಗೆ ಅಲ್ಲಿ ಬೆಲೆಯಿಲ್ಲ.

ಆದರೆ ನಮ್ಮ ಹಣ ಅಲ್ಲಿದೆ. ನೌಕರರ ಭವಿಷ್ಯ ನಿಧಿ ಸಂಸ್ಥೆಯು 2015ರ ಆಗಸ್ಟ್‌ನಿಂದ, ಹೊಸದಾಗಿ ಬರುವ ಹಣದಲ್ಲಿ ಶೇ. 5ನ್ನು ಸೂಚ್ಯಂಕವನ್ನು ಅನುಸರಿಸುವ ನಿಧಿಗಳ ಮೂಲಕ ಷೇರುಗಳಲ್ಲಿ ತೊಡಗಿಸತೊಡಗಿತು. 2017ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ಕಾರ್ಮಿಕನು ತನಗರಿಯದೆಯೇ ಪಾಲುದಾರನಾದನು. ಷೇರುದಾರನಿಗೆ ಕಂಪನಿಯ ಸಭೆಯಲ್ಲಿ ಮತವುಂಟು. ಈ ಪಾಲುಗಳ ಮತವನ್ನು ಚಲಾಯಿಸುವವರು ನಿಧಿಯ ವ್ಯವಸ್ಥಾಪಕರು. ಬೆವರು ನಮ್ಮದು, ಮತ ಅವರದು!

ಸಣ್ಣ ವ್ಯಾಪಾರಿ ಬಂಧುಗಳಿಗೊಂದು ಎಚ್ಚರಿಕೆ. ಕೈಯಲ್ಲಿನ ಫೋನಿನಲ್ಲೇ ಸೂಚ್ಯಂಕದ ಏರಿಳಿತದ ಮೇಲೆ ಪಣವೊಡ್ಡುವ ವಾಯಿದೆ ವ್ಯಾಪಾರ ಪೇಟೆಬೀದಿಗೂ ಬಂದಿದೆ. 2024ರಲ್ಲಿ ಸೆಬಿಯೇ ಪ್ರಕಟಿಸಿದ ಲೆಕ್ಕದಂತೆ, 2021-22ರಿಂದ ಮೂರು ವರ್ಷಗಳಲ್ಲಿ ಇದಕ್ಕೆ ಕೈಹಾಕಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಅಂಗಡಿಯ ಬಂಡವಾಳವನ್ನು ಈ ಸಟ್ಟಾಕ್ಕೆ ಸುರಿಯಬೇಡಿ.

ಷೇರುಪೇಟೆಯನ್ನು ಮುಚ್ಚಿರೆಂದು ನಾವು ಹೇಳುತ್ತಿಲ್ಲ. ಭವಿಷ್ಯ ನಿಧಿಯ ಕೇಂದ್ರ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿದ್ದಾರೆ. ನಮ್ಮ ಹಣ ಯಾವ ಕಂಪನಿಗಳಲ್ಲಿದೆ, ಆ ಕಂಪನಿಗಳು ತಮ್ಮ ಕಾರ್ಮಿಕರನ್ನು ಹೇಗೆ ನಡೆಸಿಕೊಳ್ಳುತ್ತಿವೆ, ನಮ್ಮ ಮತ ಯಾರ ಪರ ಬಿತ್ತು ಎಂಬ ಲೆಕ್ಕವನ್ನು ಅವರು ಕೇಳಿ ಪಡೆಯಲಿ, ಕನ್ನಡದಲ್ಲಿ ನಮ್ಮ ಮುಂದಿಡಲಿ. ಪ್ರತಿ ಗಿರಣಿಯ ಸಂಘವೂ ಈ ಬೇಡಿಕೆಯ ಠರಾವನ್ನು ಅಂಗೀಕರಿಸಿ ಕಳುಹಿಸಲಿ. ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ, ಕೇಳದಿದ್ದರೆ ಹೇಳುವವರಿಲ್ಲ.